ಮೈದಾನದ ಮರುನಿರ್ಮಾಣಕ್ಕೆ ಅಭಿಪ್ರಾಯ ಕೇಳಿದ್ದಾರಾ? ಹೀಗೆ ಶುರು ಮಾಡಿ

"ನಮ್ಮ ಮೈದಾನವನ್ನು ಹೊಸದಾಗಿ ಕಟ್ಟುತ್ತಾರಂತೆ. ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆ. ಏನು ಬರೆಯಬೇಕು?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಒಬ್ಬರದ್ದು ಹಳೆಯ ಕ್ರೀಡಾಂಗಣ, ಇನ್ನೊಬ್ಬರದ್ದು ಮುಚ್ಚಿರುವ ಈಜುಕೊಳ, ಮತ್ತೊಬ್ಬರದ್ದು ಆಟದ ಬಯಲು ಮತ್ತು ಪಾರ್ಕು ಸೇರಿರುವ ಜಾಗ. ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಅಭಿಪ್ರಾಯ ಅಂದ ಕೂಡಲೇ ನಾವು ಬೇಡಿಕೆ ಪಟ್ಟಿ ಮಾಡಲು ಕೂರುತ್ತೇವೆ. ಈಜುಕೊಳ ಬೇಕು, ಜಿಮ್ ಬೇಕು, ಪಾರ್ಕಿಂಗ್ ಬೇಕು. ಇಂಥ ಪಟ್ಟಿ ಯೋಜನೆ ಮಾಡುವವರ ಬಳಿ ಆಗಲೇ ಇರುತ್ತದೆ. ಬೆಳಗ್ಗೆ ಐದೂವರೆಗೆ ಅಲ್ಲಿಗೆ ಯಾರು ಬರುತ್ತಾರೆ, ಕತ್ತಲಾದ ಮೇಲೆ ಯಾವ ಮೂಲೆಗೆ ಹೋಗಲು ಜನ ಹಿಂಜರಿಯುತ್ತಾರೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ. ಅದನ್ನು ಸರಿಯಾಗಿ ಕಲೆಹಾಕಿ, ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಮುಟ್ಟಿಸಬೇಕು. ಕೆಳಗಿನ ಒಂಬತ್ತು ಹಂತಗಳೂ ಅದಕ್ಕಾಗಿಯೇ.

1. ಯೋಜನೆ ಎಲ್ಲಿಗೆ ಬಂದಿದೆ ಅಂತ ತಿಳಿದುಕೊಳ್ಳಿ

ಇಂಥ ಕೆಲಸಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ನಡೆಯುತ್ತವೆ. ಮೊದಲು ಜಾಗದ ಅಧ್ಯಯನ. ಆಮೇಲೆ ಎರಡು ಮೂರು ಆಯ್ಕೆಗಳನ್ನು ತೋರಿಸುವ ಕಾನ್ಸೆಪ್ಟ್ ಪ್ಲಾನ್, ಅಂದರೆ ಯಾವುದು ಎಲ್ಲಿ ಬರಬಹುದು ಅಂತ ಸ್ಥೂಲವಾಗಿ ತೋರಿಸುವ ನಕ್ಷೆ. ನಂತರ ಒಂದು ಆಯ್ಕೆಯ ಮೇಲೆ ಕರಡು ಮಾಸ್ಟರ್ ಪ್ಲಾನ್. ಅದಾದ ಮೇಲೆ ವಿವರವಾದ ವಿನ್ಯಾಸ, ಟೆಂಡರ್, ಕಾಮಗಾರಿ.

ಅಧ್ಯಯನದ ಹಂತದಲ್ಲಿದ್ದರೆ ದೊಡ್ಡ ಪ್ರಶ್ನೆಗಳನ್ನೇ ಕೇಳಿ: ಇಲ್ಲಿ ಕಟ್ಟಡ ಬೇಕಾ? ಬಯಲು ಎಷ್ಟು ಉಳಿಯಬೇಕು? ಕರಡು ಬಂದಿದ್ದರೆ ಜಾಗ ಅದಲು ಬದಲು ಮಾಡಿಸಬಹುದು. ವಿವರವಾದ ವಿನ್ಯಾಸಕ್ಕೆ ಬಂದುಬಿಟ್ಟಿದ್ದರೆ ಬಾಗಿಲು, ದೀಪ, ಶೌಚಾಲಯ, ಇಳಿಜಾರು, ನೆರಳು ಇವುಗಳ ಮೇಲೆ ಹಟ ಹಿಡಿಯುವುದು ಒಳ್ಳೆಯದು. ಟೆಂಡರ್ ಕರೆದ ಮೇಲೆ ಈಜುಕೊಳವನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ಅಂದರೆ ಯಾರೂ ಕೇಳುವುದಿಲ್ಲ.

ಅಧಿಕಾರಿಗಳಿಗೆ ಬರವಣಿಗೆಯಲ್ಲಿ ಒಂದೇ ಪ್ರಶ್ನೆ ಕಳಿಸಿ: "ಇನ್ನೂ ತೀರ್ಮಾನವಾಗದೆ ಉಳಿದಿರುವುದು ಯಾವುದು?" ಉತ್ತರದಲ್ಲಿ ಏನೂ ಉಳಿದಿಲ್ಲ ಅಂತ ಗೊತ್ತಾದರೆ, ಅವರು ನಿಮಗೆ ಸುದ್ದಿ ತಿಳಿಸುತ್ತಿದ್ದಾರೆ, ಅಭಿಪ್ರಾಯ ಕೇಳುತ್ತಿಲ್ಲ. ಈ ವ್ಯತ್ಯಾಸ ಹಳೆಯದು. 1969ರಲ್ಲೇ ಅಮೆರಿಕದ ನಗರ ನೀತಿ ತಜ್ಞೆ ಶೆರಿ ಆರ್ನ್‌ಸ್ಟೈನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದ್ದರು. ತೀರಾ ಕೆಳಗೆ ಜನರ ಮನಸ್ಸನ್ನು ತಮಗೆ ಬೇಕಾದಂತೆ ತಿರುಗಿಸುವುದು. ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು. ಮೇಲೆ ಹೋದಂತೆ ತೀರ್ಮಾನದಲ್ಲೇ ಪಾಲು. ನೀವು ಯಾವ ಮೆಟ್ಟಿಲ ಮೇಲಿದ್ದೀರಿ ಅಂತ ಗೊತ್ತಿದ್ದರೆ ಶಕ್ತಿ ಎಲ್ಲಿ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

2. ಕಾಗದಪತ್ರ ಕೇಳಿ ತೆಗೆದುಕೊಳ್ಳಿ

ಕನಿಷ್ಠ ಇಷ್ಟಾದರೂ ನಿಮ್ಮ ಕೈಯಲ್ಲಿರಲಿ: ಜಾಗದ ಈಗಿನ ಅಳತೆ ನಕ್ಷೆ, ಪ್ರಸ್ತಾವಿತ ನಕ್ಷೆ, ಭೂಬಳಕೆಯ ವಿವರ (ಆ ಜಾಗವನ್ನು ಯಾವ ಉದ್ದೇಶಕ್ಕೆ ಮಾತ್ರ ಬಳಸಬಹುದು ಅಂತ ಹೇಳುವ ದಾಖಲೆ), ಮರಗಳ ಪಟ್ಟಿ, ಅಂದಾಜು ವೆಚ್ಚ, ಮತ್ತು ಕಟ್ಟಿದ ಮೇಲೆ ಅದನ್ನು ಯಾರು ನಡೆಸುತ್ತಾರೆ ಅನ್ನುವ ಮಾಹಿತಿ. ಅಭಿಪ್ರಾಯ ಕೊಡಲು ಕೊನೆಯ ದಿನ ಯಾವುದು, ಅಂತಿಮ ಒಪ್ಪಿಗೆ ಕೊಡುವವರು ಯಾರು ಅಂತಲೂ ಕೇಳಿಟ್ಟುಕೊಳ್ಳಿ.

ಇಲ್ಲಿ ಜನ ಜಾಸ್ತಿ ಎಡವುವುದು ಬಣ್ಣದ ಚಿತ್ರಗಳಲ್ಲಿ. ಕಂಪ್ಯೂಟರ್‌ನಲ್ಲಿ ಬಿಡಿಸಿದ ಆ ಚಿತ್ರದಲ್ಲಿ ಇಪ್ಪತ್ತು ವರ್ಷ ಬೆಳೆದ ಮರಗಳು ಮೊದಲ ದಿನವೇ ನಿಂತಿರುತ್ತವೆ. ಆಕಾಶ ನೀಲಿ, ಹುಲ್ಲು ಹಸಿರು, ಕಾರು ಎಲ್ಲೂ ಕಾಣುವುದಿಲ್ಲ. ಚಿತ್ರ ನೋಡಿ ಒಪ್ಪಬೇಡಿ, ಬೈಯಲೂ ಬೇಡಿ. ಅಳತೆ ಇರುವ ನಕ್ಷೆ ಕೇಳಿ. ಈಗಿನ ನಕ್ಷೆಯನ್ನೂ ಹೊಸದನ್ನೂ ಒಂದೇ ಅಳತೆಗೆ ಮುದ್ರಿಸಿ, ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ಯಾವ ಮರ ಹೋಗುತ್ತದೆ, ಯಾವ ದಾರಿ ಮುಚ್ಚುತ್ತದೆ, ಬಯಲು ಎಷ್ಟು ಕುಗ್ಗುತ್ತದೆ ಅಂತ ಎರಡೇ ನಿಮಿಷದಲ್ಲಿ ಕಾಣುತ್ತದೆ.

3. ಎಣಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಬಿಟ್ಟುಬಿಡುವುದೂ ಇದನ್ನೇ. "ತುಂಬಾ ಜನ ಬರುತ್ತಾರೆ" ಅನ್ನುವ ಮಾತಿಗೆ ಸಭೆಯಲ್ಲಿ ತೂಕವಿಲ್ಲ. "ಬುಧವಾರ ಬೆಳಗ್ಗೆ ಆರರಿಂದ ಏಳರವರೆಗೆ ಇಷ್ಟು ಜನ, ಅವರಲ್ಲಿ ಅರವತ್ತು ದಾಟಿದವರು ಇಷ್ಟು" ಅಂದರೆ ಪೆನ್ನು ಹಿಡಿದು ಬರೆದುಕೊಳ್ಳುತ್ತಾರೆ.

ವಿಧಾನ ಸುಲಭ. ಒಂದು ಹಾಳೆಯ ಮೇಲೆ ಮೈದಾನದ ಗೆರೆಚಿತ್ರ ಬಿಡಿಸಿ. ಅದನ್ನು ಐದಾರು ಭಾಗ ಮಾಡಿ ಅ, ಆ, ಇ ಅಂತ ಹೆಸರಿಡಿ. ವಾರದ ನಡುವಿನ ಒಂದು ದಿನ, ರಜೆಯ ಒಂದು ದಿನ ಆರಿಸಿಕೊಳ್ಳಿ. ಬೆಳಗಿನಿಂದ ರಾತ್ರಿಯವರೆಗೆ ಗಂಟೆಗೊಮ್ಮೆ ಇಡೀ ಜಾಗವನ್ನು ಒಂದು ಸುತ್ತು ಹಾಕಿ. ಪ್ರತಿ ಭಾಗದಲ್ಲಿ ಎಷ್ಟು ಜನ ಇದ್ದಾರೆ, ಗಂಡಸರೋ ಹೆಂಗಸರೋ, ಅಂದಾಜು ವಯಸ್ಸು, ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕಿ. ನಾಲ್ಕು ಜನ ಸೇರಿ ಪಾಳಿ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಹೆಸರು ಬರೆಯಬೇಡಿ. ಮಕ್ಕಳ ಫೋಟೋ ಅಂತೂ ತೆಗೆಯಲೇಬೇಡಿ.

ಇಷ್ಟು ಸರಳವಾದ್ದು ಕೆಲಸಕ್ಕೆ ಬರುತ್ತದಾ ಅಂತ ಅನುಮಾನ ಬೇಡ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ 1960ರ ದಶಕದಲ್ಲಿ ಕೋಪನ್‌ಹೇಗನ್‌ನ ಬೀದಿಗಳಲ್ಲಿ ನಿಂತು ಹೀಗೆಯೇ ಜನರನ್ನು ಎಣಿಸುತ್ತಿದ್ದರು, ಅವರು ಏನು ಮಾಡುತ್ತಾರೆ ಅಂತ ಬರೆದುಕೊಳ್ಳುತ್ತಿದ್ದರು. ವಾಹನ ಎಣಿಸುವುದು ಎಲ್ಲರಿಗೂ ರೂಢಿಯಾಗಿತ್ತು. ಅವರು ನಡೆಯುವವರನ್ನೂ ಕೂರುವವರನ್ನೂ ಎಣಿಸಿದರು.

ಎಣಿಕೆಯಿಂದ ಸಿಗುವ ದೊಡ್ಡ ಲಾಭ ಇನ್ನೊಂದಿದೆ. ಯಾರು ಬರುತ್ತಿಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಹೀಗೇ ಆಯಿತು. ಒಂಬತ್ತು ಹತ್ತು ವರ್ಷ ದಾಟುತ್ತಿದ್ದಂತೆ ಹೆಣ್ಣುಮಕ್ಕಳು ಪಾರ್ಕಿಗೆ ಬರುವುದು ಕಡಿಮೆಯಾಗುತ್ತಿತ್ತು. ಹುಡುಗರು ಬರುತ್ತಲೇ ಇದ್ದರು. ಇರುವುದೊಂದೇ ದೊಡ್ಡ ಬಯಲು, ಅದನ್ನು ಗುಂಪಾಗಿ ಬಂದ ಹುಡುಗರು ಹಿಡಿದುಕೊಂಡರೆ ಹುಡುಗಿಯರು ಜಾಗಕ್ಕಾಗಿ ಜಗಳವಾಡದೆ ಹೊರಟುಹೋಗುತ್ತಿದ್ದರು. 1999ರಲ್ಲಿ ನಗರದವರು ಎರಡು ಪಾರ್ಕುಗಳನ್ನು ಬದಲಿಸಲು ಕೈಹಾಕಿದರು. ಬಯಲನ್ನು ಚಿಕ್ಕ ಚಿಕ್ಕ ಭಾಗ ಮಾಡಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು, ನಡೆಯುವ ದಾರಿ ಸುಧಾರಿಸಿದರು. ಹುಡುಗಿಯರು ಮತ್ತೆ ಬರತೊಡಗಿದರು. "ಹುಡುಗಿಯರಿಗೆ ಆಟ ಇಷ್ಟವಿಲ್ಲ" ಅಂತ ಯಾರಾದರೂ ಹೇಳಿದರೆ ಈ ಉದಾಹರಣೆ ಕೊಡಿ.

ಎಣಿಸುವಾಗ ಎರಡು ತಪ್ಪು ಆಗುತ್ತವೆ. ನಮ್ಮ ಆಟ ನಡೆಯುವ ಹೊತ್ತಿಗೆ ಮಾತ್ರ ಹೋಗಿ ಎಣಿಸಿ ಬರುವುದು ಒಂದು. ಪರೀಕ್ಷೆ, ಮಳೆ, ಹಬ್ಬ ಇರುವ ದಿನವನ್ನು ಮಾಮೂಲಿ ದಿನದಂತೆ ತೋರಿಸುವುದು ಇನ್ನೊಂದು. ದಿನಾಂಕ, ಹೊತ್ತು, ಹವಾಮಾನ ಮೂರನ್ನೂ ಹಾಳೆಯ ತಲೆಯ ಮೇಲೆ ಬರೆಯಿರಿ. ಆ ಹಾಳೆಗಳನ್ನು ಎಸೆಯಬೇಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ.

4. ಸಭೆಗೆ ಬರದವರ ಬಳಿ ನೀವೇ ಹೋಗಿ

ಸಭೆಗೆ ಬರುವವರು ಯಾರು? ಬಿಡುವು ಇರುವವರು, ಮೈಕ್ ಹಿಡಿದು ಮಾತಾಡಲು ಅಂಜಿಕೆ ಇಲ್ಲದವರು. ಹನ್ನೆರಡು ವರ್ಷದ ಮಗು ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಸಭೆಯ ಕೋಣೆಗೆ ಹತ್ತಲೇ ಆಗದಿರಬಹುದು. ರಾತ್ರಿ ಪಾಳಿ ಮುಗಿಸಿದವರು ಆ ಹೊತ್ತಿಗೆ ಮಲಗಿರುತ್ತಾರೆ. ಮೈದಾನದ ಕಸ ಗುಡಿಸುವವರನ್ನು, ವಾಚ್‌ಮನ್‌ನನ್ನು ಯಾರೂ ಕರೆಯುವುದಿಲ್ಲ. ಆದರೆ ಯಾವ ನಲ್ಲಿ ಸೋರುತ್ತದೆ, ಯಾವ ಗೇಟು ಯಾವಾಗಲೂ ಬೀಗ ಹಾಕಿರುತ್ತದೆ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ, ಅಲ್ವಾ?

ಇವರ ಬಳಿ ಉದ್ದದ ಪ್ರಶ್ನಾವಳಿ ಹಿಡಿದು ಹೋಗಬೇಡಿ. ಮೂರು ಪ್ರಶ್ನೆ ಸಾಕು. ಇಲ್ಲಿಗೆ ಯಾವಾಗ ಬರುತ್ತೀರಿ? ಬರಲು ಏನು ಅಡ್ಡಿ? ಒಂದೇ ಒಂದು ಬದಲಾವಣೆ ಮಾಡುವುದಾದರೆ ಯಾವುದು? ಮಕ್ಕಳಿಗೆ ಕಾಗದ, ಬಣ್ಣ ಕೊಟ್ಟು ತಮಗಿಷ್ಟವಾದ ಜಾಗ, ಹೆದರಿಕೆಯಾಗುವ ಜಾಗ ಎರಡನ್ನೂ ಬಿಡಿಸಲು ಹೇಳಿ. ದೊಡ್ಡವರ ಕಣ್ಣಿಗೆ ಬೀಳದ ಸಂಗತಿಗಳು ಅದರಲ್ಲಿ ಬರುತ್ತವೆ.

"ಈಜುಕೊಳ ಬೇಕಾ?" ಅನ್ನುವಂಥ ಪ್ರಶ್ನೆ ಮಾತ್ರ ಕೇಳಬೇಡಿ. ಎಲ್ಲರೂ ಬೇಕು ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಈಜುಕೊಳ ಬಂದರೆ ಮಕ್ಕಳು ಆಡುವ ಬಯಲು ಅರ್ಧ ಆಗುತ್ತದೆ, ಒಪ್ಪುತ್ತೀರಾ?" ಅಂತ ಕೇಳಿ ನೋಡಿ. ಆಗ ಜನ ಯೋಚಿಸಿ ಉತ್ತರ ಕೊಡುತ್ತಾರೆ.

5. ಟೇಪು ಹಿಡಿಯಿರಿ

ಬೇಡಿಕೆಗಳು ಜಾಗದಲ್ಲಿ ಹಿಡಿಸಬೇಕು. ಎಂಟು ಲೇನಿನ 400 ಮೀಟರ್ ಓಟದ ಟ್ರ್ಯಾಕ್‌ಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ಅದೂ ಸುತ್ತಲಿನ ಗ್ಯಾಲರಿ ಬಿಟ್ಟು. ಬ್ಯಾಸ್ಕೆಟ್‌ಬಾಲ್ ಅಂಕಣ 28 × 15 ಮೀಟರ್, ವಾಲಿಬಾಲ್ 18 × 9, ಬ್ಯಾಡ್ಮಿಂಟನ್ 13.4 × 6.1.

ಈ ಅಳತೆಗಳು ಗೆರೆಯೊಳಗಿನವು ಮಾತ್ರ. ಆಟಗಾರ ಓಡಿ ಬಂದು ನಿಲ್ಲಲು ಗೆರೆಯಾಚೆಗೂ ಖಾಲಿ ಜಾಗ ಬೇಕು. ವಾಲಿಬಾಲ್‌ಗೆ ನಾಲ್ಕೂ ಕಡೆ 3 ಮೀಟರ್ ಬಿಟ್ಟರೆ 24 × 15 ಆಗುತ್ತದೆ, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಟೆನಿಸ್ ಅಂಕಣ ಗೆರೆಯೊಳಗೆ 23.77 × 10.97 ಮೀಟರ್. ಸುತ್ತಲಿನ ಜಾಗ ಸೇರಿದರೆ ಸುಮಾರು 36.6 × 18.3. ನಕ್ಷೆಯಲ್ಲಿ ಅಂಕಣಗಳನ್ನು ಒಂದಕ್ಕೊಂದು ಅಂಟಿಸಿದ್ದರೆ, ಗೆರೆಯ ಪಕ್ಕದಲ್ಲೇ ಗೋಡೆ ಬಂದಿದ್ದರೆ, ಕೂಡಲೇ ಬರೆದು ತಿಳಿಸಿ. ಅಲ್ಲಿ ಮಕ್ಕಳು ಗೋಡೆಗೆ ಬಡಿದುಕೊಳ್ಳುತ್ತಾರೆ.

ದಿಕ್ಕನ್ನೂ ನೋಡಿ. ಬಯಲಿನ ಅಂಕಣಗಳ ಉದ್ದ ಉತ್ತರ ದಕ್ಷಿಣವಾಗಿದ್ದರೆ ಬೆಳಗಿನ, ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುವುದಿಲ್ಲ. ಇಳಿಜಾರುಗಳನ್ನು ಅಳೆಯಿರಿ. ಗಾಲಿಕುರ್ಚಿಗೆ ಸಾಮಾನ್ಯವಾಗಿ ಒಪ್ಪುವ ಗರಿಷ್ಠ ಇಳಿಜಾರು 1:12. ಅಂದರೆ 30 ಸೆಂಟಿಮೀಟರ್ ಎತ್ತರ ಹತ್ತಲು 3.6 ಮೀಟರ್ ಉದ್ದದ ರ‍್ಯಾಂಪ್ ಬೇಕು. ನಕ್ಷೆಯಲ್ಲಿ ಒಂದು ಚಿಕ್ಕ ಬಾಣ ಹಾಕಿ "ರ‍್ಯಾಂಪ್" ಅಂತ ಬರೆದುಬಿಟ್ಟರೆ ಸಾಲದು.

6. ಆಮೇಲಿನ ಖರ್ಚು ಕೇಳಿ

ಕಟ್ಟಲು ಹಣ ಒಂದು ಸಲ ಸಿಗುತ್ತದೆ. ನಡೆಸಲು ಪ್ರತಿ ತಿಂಗಳೂ ಬೇಕು. ಈಜುಕೊಳಕ್ಕೆ ನೀರು, ಶುದ್ಧೀಕರಣ, ಪಂಪು, ಲೈಫ್‌ಗಾರ್ಡ್ ಎಲ್ಲ ಬೇಕು. ಒಳಾಂಗಣಕ್ಕೆ ದೀಪ, ಗಾಳಿ, ಕಾವಲು. ಇದಕ್ಕೆ ಹಣ ಎಲ್ಲಿಂದ ಅಂತ ಕೇಳಿದಾಗ ಉತ್ತರ ಸಿಗದಿದ್ದರೆ, ಎರಡರಲ್ಲಿ ಒಂದು ಆಗುತ್ತದೆ: ಬೀಗ ಬೀಳುತ್ತದೆ, ಇಲ್ಲವೇ ಶುಲ್ಕ ಏರುತ್ತದೆ. ದೊಡ್ಡ ಕಟ್ಟಡದ ಸಾಲ ಎಷ್ಟು ಕಾಲ ಕಾಡುತ್ತದೆ ಅನ್ನುವುದಕ್ಕೆ ಕೆನಡಾದ ಮಾಂಟ್ರಿಯಲ್ ಸಾಕ್ಷಿ. 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ.

ಕೃತಕ ಹುಲ್ಲು, ಅಂದರೆ ಟರ್ಫ್, ಹಾಕುತ್ತೇವೆ ಅಂದರೆ ಇನ್ನೂ ಎಚ್ಚರ. ಕೆಸರಾಗದು, ದಿನವಿಡೀ ಆಡಬಹುದು, ನಿಜ. ಆದರೆ ಬಿಸಿಲಲ್ಲಿ ಅದು ಮಾಮೂಲಿ ಹುಲ್ಲಿಗಿಂತ ಬಹಳ ಕಾಯುತ್ತದೆ. ಸುಮಾರು ಹತ್ತು ವರ್ಷಕ್ಕೆ ಸವೆದು, ಪೂರ್ತಿ ಕಿತ್ತು ಹಾಕಬೇಕಾಗುತ್ತದೆ. ಅದರ ನಡುವೆ ತುಂಬುವ ರಬ್ಬರ್, ಪ್ಲಾಸ್ಟಿಕ್ ಕಾಳುಗಳು ಮಣ್ಣು, ನೀರು ಸೇರುತ್ತವೆ. ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟ 2023ರಲ್ಲಿ ಅಂಥ ಕಾಳುಗಳ ಮಾರಾಟದ ಮೇಲೆ ನಿಷೇಧ ತಂದಿತು, ಹೊಂದಿಕೊಳ್ಳಲು ಮೈದಾನಗಳಿಗೆ 8 ವರ್ಷ ಕಾಲಾವಕಾಶ ಕೊಟ್ಟಿತು. ಟರ್ಫ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವ ಕಾಳು, ಯಾರು ಬದಲಿಸುತ್ತಾರೆ, ಹಳೆಯದು ಎಲ್ಲಿಗೆ ಹೋಗುತ್ತದೆ ಅನ್ನುವ ಮೂರಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಖಾಸಗಿಯವರಿಗೆ ನಡೆಸಲು ಕೊಡುವ ಪ್ರಸ್ತಾಪ ಇದ್ದರೆ ಒಪ್ಪಂದ ಎಷ್ಟು ವರ್ಷದ್ದು, ಉಚಿತವಾಗಿ ಆಡುವ ಹೊತ್ತು ದಿನಕ್ಕೆ ಎಷ್ಟು, ಶುಲ್ಕ ಏರಿಸಲು ಯಾರ ಒಪ್ಪಿಗೆ ಬೇಕು ಅಂತ ಕೇಳಿ. "ಕೈಗೆಟುಕುವ ದರ" ಅನ್ನುವ ಪದಕ್ಕೆ ಒಪ್ಪಂದದಲ್ಲಿ ಅರ್ಥವಿರುವುದಿಲ್ಲ. ಅಂಕಿ ಇರಬೇಕು.

7. ಒಂದು ಪುಟದಲ್ಲಿ ಬರೆಯಿರಿ

ಈಗ ಬರೆಯಲು ಕೂರಿ. ಮೊದಲ ಎರಡು ಸಾಲಿನಲ್ಲಿ ನೀವು ಯಾರು, ಆ ಜಾಗವನ್ನು ಹೇಗೆ ಬಳಸುತ್ತೀರಿ. ಆಮೇಲೆ ಉಳಿಯಲೇಬೇಕಾದದ್ದು. ಆಮೇಲೆ ಬದಲಾಗಬೇಕಾದದ್ದು. ಕೊನೆಗೆ ನಿಮ್ಮ ಪ್ರಶ್ನೆಗಳು. ಅಂಶಗಳಿಗೆ ಕ್ರಮಸಂಖ್ಯೆ ಹಾಕಿ, ನಕ್ಷೆಯ ಯಾವ ಪುಟ, ಯಾವ ಭಾಗ ಅಂತ ತೋರಿಸಿ. ಎಣಿಕೆಯ ಹಾಳೆಯನ್ನು ಜೊತೆಗೆ ಲಗತ್ತಿಸಿ.

"ಹಿರಿಯ ನಾಗರಿಕರಿಗೆ ಸೌಲಭ್ಯ ಕಲ್ಪಿಸಬೇಕು" ಅಂತ ಬರೆದರೆ ಓದುವವರು ಸರಿ ಅಂದು ಮುಂದಿನ ಪತ್ರಕ್ಕೆ ಹೋಗುತ್ತಾರೆ. "ಎಣಿಕೆ ಹಾಳೆಯ 'ಆ' ಭಾಗದಲ್ಲಿ ಬೆಳಗ್ಗೆ ನಡೆಯುವ ಹಿರಿಯರಿಗೆ ಕೂರಲು ಒಂದೂ ಬೆಂಚಿಲ್ಲ. ಹತ್ತಿರದ ಶೌಚಾಲಯ ಮೈದಾನದ ಆಚೆ ತುದಿಯಲ್ಲಿದೆ. ಹೊಸ ನಕ್ಷೆಯಲ್ಲೂ ಹಾಗೇ ಇದೆ. ಪೂರ್ವದ ಗೇಟಿನ ಬಳಿ ಒಂದು ಶೌಚಾಲಯ, ದಾರಿಯುದ್ದಕ್ಕೂ ಬೆನ್ನಿಗೆ ಆಸರೆ ಇರುವ ಬೆಂಚು ಹಾಕಿ." ಹೀಗೆ ಬರೆದರೆ ವಿನ್ಯಾಸಕಾರರು ಅದೇ ದಿನ ನಕ್ಷೆ ತಿದ್ದಬಹುದು.

ಒಂದೇ ಪತ್ರವನ್ನು ನೂರು ಜನ ಸಹಿ ಮಾಡಿ ನೂರು ಸಲ ಕಳಿಸುವ ರೂಢಿ ಇದೆ. ಪತ್ರಗಳನ್ನು ಓದಿ ವಿಂಗಡಿಸುವವರು ಅವನ್ನೆಲ್ಲ ಒಂದೇ ಕಟ್ಟಿಗೆ ಸೇರಿಸುವ ಸಾಧ್ಯತೆ ಜಾಸ್ತಿ. ಹತ್ತು ಜನ ತಮ್ಮ ಮಾತಿನಲ್ಲಿ, ತಮ್ಮ ಅನುಭವ ಬರೆದರೆ ಹತ್ತು ಪತ್ರಗಳಾಗಿಯೇ ನಿಲ್ಲುತ್ತವೆ. ಬರೆಯಲು ಬಾರದವರು ಹೇಳಿದ್ದನ್ನು ನೀವು ಬರೆದುಕೊಡಿ, ಆದರೆ ಅವರ ಮಾತನ್ನು ತಿದ್ದಬೇಡಿ. ಕಳಿಸಿದ ಮೇಲೆ ಸ್ವೀಕೃತಿ ತೆಗೆದುಕೊಳ್ಳಿ.

8. ಸಭೆಯಲ್ಲಿ

ಮಾತಾಡಲು ಎರಡು ಮೂರು ನಿಮಿಷ ಸಿಗಬಹುದು. ಒಂದೇ ವಿಷಯ ಹೇಳಿ, ಒಂದೇ ಪ್ರಶ್ನೆ ಕೇಳಿ, "ದಯವಿಟ್ಟು ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ" ಅನ್ನಿ. ನಡಾವಳಿ ಅಂದರೆ ಸಭೆಯಲ್ಲಿ ಏನಾಯಿತು ಅನ್ನುವ ಅಧಿಕೃತ ದಾಖಲೆ. ಅದರಲ್ಲಿ ಬರದ ಮಾತು ಆಡದ ಹಾಗೆಯೇ.

ಫುಟ್‌ಬಾಲ್ ಆಡುವವರಿಗೂ ವಾಕಿಂಗ್ ಬರುವವರಿಗೂ ಸಭೆಯಲ್ಲೇ ಜಗಳ ಹತ್ತಿಕೊಳ್ಳುವುದು ಸಾಮಾನ್ಯ. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ. ಇಬ್ಬರೂ ಆ ಜಾಗವನ್ನು ಪ್ರೀತಿಸುವವರು, ಹೆಚ್ಚಿನ ಸಲ ಇಬ್ಬರಿಗೂ ಬೇರೆ ಬೇರೆ ಹೊತ್ತು ಸಾಕು. ಸಭೆಗೆ ಒಂದು ವಾರ ಮೊದಲೇ ಎರಡೂ ಕಡೆಯವರು ಕೂತು, ಎಣಿಕೆಯ ಹಾಳೆ ಮುಂದಿಟ್ಟುಕೊಂಡು ಹೊತ್ತು ಹಂಚಿಕೊಳ್ಳಿ. ಜಂಟಿಯಾಗಿ ಬಂದ ಪ್ರಸ್ತಾಪವನ್ನು ತಳ್ಳಿಹಾಕುವುದು ಕಷ್ಟ. ನೀವು ಒಡೆದುಕೊಂಡರೆ "ಜನರಲ್ಲೇ ಒಮ್ಮತವಿಲ್ಲ" ಅಂತ ಮೂಲ ನಕ್ಷೆಯೇ ಉಳಿದುಬಿಡುತ್ತದೆ.

ಮೈದಾನದ ಪಕ್ಕದ ಮನೆಯವರನ್ನೂ ಮರೆಯಬೇಡಿ. ಫ್ಲಡ್‌ಲೈಟ್ ಬೆಳಕು ಮಲಗುವ ಕೋಣೆಗೆ ಬೀಳುವುದು, ರಾತ್ರಿಯ ಶಬ್ದ, ಗೇಟಿನ ಮುಂದೆ ವಾಹನ ನಿಲ್ಲಿಸುವುದು ಇವೆಲ್ಲ ಅವರ ನಿಜವಾದ ಕಷ್ಟಗಳು. ದೀಪಕ್ಕೆ ಮರೆ, ಆರಿಸುವ ಹೊತ್ತು ಎರಡನ್ನೂ ನಿಮ್ಮ ಪ್ರಸ್ತಾಪದಲ್ಲೇ ಸೇರಿಸಿ.

9. ಸಭೆ ಮುಗಿದ ಮೇಲೆ

ಕೆಲಸ ಅರ್ಧ ಆಗಿದೆ ಅಷ್ಟೆ. ಯಾವ ಅಭಿಪ್ರಾಯ ಬಂತು, ಯಾವುದನ್ನು ಒಪ್ಪಿದರು, ಯಾವುದನ್ನು ಯಾಕೆ ಬಿಟ್ಟರು ಅಂತ ವರದಿ ಕೇಳಿ. ಪರಿಷ್ಕೃತ ನಕ್ಷೆ ಬಂದಾಗ ಹಳೆಯ ಕರಡಿನ ಜೊತೆ ಇಟ್ಟು ನೋಡಿ. ಸಭೆಯಲ್ಲಿ ಒಪ್ಪಿದ್ದ ಶೌಚಾಲಯ ಟೆಂಡರ್ ಪಟ್ಟಿಯಲ್ಲಿ ಮಾಯವಾಗುವುದು ಹೊಸದೇನಲ್ಲ. ವೆಚ್ಚ ಇಳಿಸುವಾಗ ಮೊದಲು ಕತ್ತರಿ ಬೀಳುವುದು ನೆರಳು, ಬೆಂಚು, ಗಿಡಗಳಿಗೆ.

ಕಾಮಗಾರಿ ನಡೆಯುವಾಗ ಮಕ್ಕಳು ಎಲ್ಲಿ ಆಡುತ್ತಾರೆ ಅಂತಲೂ ಈಗಲೇ ಕೇಳಿ. ಇಡೀ ಜಾಗವನ್ನು ಒಮ್ಮೆಲೇ ಮುಚ್ಚದೆ ಭಾಗ ಭಾಗವಾಗಿ ಕಟ್ಟಲು ಆಗುತ್ತದಾ? ಒಂದು ವರ್ಷ ಆಟ ನಿಂತರೆ ಕೆಲವು ಮಕ್ಕಳು ಮತ್ತೆ ಬರುವುದೇ ಇಲ್ಲ.

ಯಾವ ಮಾತೂ ನಡೆಯದೆ ಹೋದರೆ ಏನು ಅಂತ ಕೆಲವರು ಕೇಳಿದ್ದೀರಿ. ದಾರಿಗಳು ಊರಿನಿಂದ ಊರಿಗೆ ಬೇರೆ. ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು. 2010ರಲ್ಲಿ ಆ ಬಯಲು ಜನರಿಗೆ ತೆರೆಯಿತು, ಜನ ಅಲ್ಲಿ ಸೈಕಲ್ ಹೊಡೆದರು, ಗಾಳಿಪಟ ಹಾರಿಸಿದರು. ಅದರ ಅಂಚಿನಲ್ಲಿ ಮನೆಗಳನ್ನು ಕಟ್ಟುವ ಯೋಜನೆ ಬಂದಾಗ ನಾಗರಿಕರು ಸಹಿ ಸಂಗ್ರಹಿಸಿ ಜನಮತಗಣನೆಗೆ ಒಯ್ದರು. 2014ರ ಮೇ 25ರಂದು ಮತ ಹಾಕಿದವರಲ್ಲಿ ಹೆಚ್ಚಿನವರು ಬಯಲು ಹಾಗೇ ಇರಲಿ ಅಂದರು. ನಿಮ್ಮಲ್ಲಿ ಆ ದಾರಿ ಇದೆಯಾ, ಬೇರೆ ಮೇಲ್ಮನವಿ ಇದೆಯಾ ಅಂತ ಸ್ಥಳೀಯ ಕಾನೂನು ಬಲ್ಲವರನ್ನು ಮೊದಲೇ ವಿಚಾರಿಸಿ. ಆಕ್ಷೇಪಣೆಗೆ ಗಡುವು ಇರುತ್ತದೆ, ಅದು ದಾಟಿದರೆ ಎಷ್ಟೇ ಸರಿಯಾದ ಮಾತಾದರೂ ನಿಲ್ಲುವುದಿಲ್ಲ.

ಹೊಸ ಮೈದಾನ ತೆರೆದು ಆರು ತಿಂಗಳಾದ ಮೇಲೆ ಎತ್ತಿಟ್ಟ ಎಣಿಕೆಯ ಹಾಳೆ ಹೊರತೆಗೆಯಿರಿ. ವಾರದ ಅದೇ ದಿನ, ಅದೇ ಹೊತ್ತು, ಅದೇ ಅ, ಆ, ಇ ಭಾಗಗಳು. ಮತ್ತೆ ಒಂದು ಸುತ್ತು ಹಾಕಿ ಎಣಿಸಿ. ಬೆಳಗ್ಗೆ ಐದೂವರೆಗೆ ಬರುತ್ತಿದ್ದವರು ಈಗಲೂ ಬರುತ್ತಿದ್ದಾರಾ ನೋಡಿ. ಬರುತ್ತಿಲ್ಲವಾದರೆ ಅವರ ಮನೆಗೆ ಹೋಗಿ ಯಾಕೆ ಅಂತ ಕೇಳಿ, ಉತ್ತರವನ್ನು ಎರಡೂ ಹಾಳೆಗಳ ಜೊತೆ ನಗರಾಡಳಿತಕ್ಕೆ ಕಳಿಸಿ.